ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಯಾಕೆ ಹೆಕ್ಕಿ ತರುತ್ತೀರಿ?

ನನ್ನ ಮೇಜಿನ ಖಾನೆಯನ್ನು ಒಮ್ಮೆ ಇಣುಕಿ ನೋಡಿದವರೆಲ್ಲ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಗುಂಡಿಗಳು, ಒಂಟಿ ಕಿವಿಯೋಲೆ, ಹರಿದ ಚೀಟಿಗಳು, ಆಟಿಕೆ ಕಾರಿನ ಒಂದು ಚಕ್ರ, ಕನ್ನಡಕದ ಒಂದು ಕಡ್ಡಿ: ಖಾನೆಯಲ್ಲಿ ಇರುವುದು ಇಂಥವೇ. ಕೆಲವರು ತಮಾಷೆಗೆ ಕೇಳುತ್ತಾರೆ, ಕೆಲವರು ಮೂಗು ಮುರಿಯುತ್ತಲೇ ಕೇಳುತ್ತಾರೆ. ಇನ್ನು ಕೆಲವರು ನಾನು ಬಾಯಿ ತೆರೆಯುವ ಮೊದಲೇ, ಪ್ರತಿ ವಸ್ತುವಿನ ಹಿಂದೆಯೂ ಒಂದು ಕಥೆ ಇರುತ್ತದಲ್ಲ, ಅದಕ್ಕೇ ಇರಬೇಕು ಎಂದು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಅವರಿಗೆ ಇಲ್ಲವೆನ್ನಲು ನನಗೆ ಸಂಕೋಚವಾಗುತ್ತದೆ. ಆದರೆ ಕಥೆ ಕಟ್ಟಬೇಕೆಂದರೆ ಬೀದಿಗೆ ಇಳಿದು ಬಗ್ಗುವ ಅಗತ್ಯವೇ ಇಲ್ಲ, ಅದನ್ನು ಕುಳಿತಲ್ಲೇ ಕಟ್ಟಬಹುದು. ನಾನು ಹೆಕ್ಕುವುದು ಅದಕ್ಕಿಂತ ಬಹಳ ಸಣ್ಣ ಪ್ರಶ್ನೆಯೊಂದಕ್ಕಾಗಿ: ಇದು ಕಳೆದದ್ದೋ, ಎಸೆದದ್ದೋ?

ನೆಲಕ್ಕೆ ಬಿದ್ದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಎರಡರ ಮೇಲೂ ಅದೇ ಧೂಳು ಕೂರುತ್ತದೆ. ಆದರೂ ಒಂದನ್ನು ಯಾರೋ ಈಗಲೂ ಹುಡುಕುತ್ತಿರಬಹುದು, ಇನ್ನೊಂದನ್ನು ಯಾರೋ ಬೇಡವೆಂದು ಕೈಬಿಟ್ಟಿದ್ದಾರೆ. ಈ ವ್ಯತ್ಯಾಸಕ್ಕೆ ವಸ್ತುವಿನಲ್ಲೇ ಗುರುತು ಉಳಿದಿರುತ್ತದೆಯೇ ಎಂಬುದಷ್ಟೇ ನನ್ನ ಕುತೂಹಲ.

ಗುಂಡಿಯನ್ನೇ ನೋಡಿ. ನನ್ನಲ್ಲಿರುವ ಒಂದು ಕಂದು ಗುಂಡಿಯ ನಾಲ್ಕು ತೂತುಗಳಲ್ಲಿ ಎರಡರಲ್ಲಿ ಮಾತ್ರ ದಾರದ ಎಳೆಗಳಿವೆ, ಅವುಗಳ ತುದಿ ಹಿಂಜಿದ ಹತ್ತಿಯಂತೆ ಕೆದರಿಕೊಂಡಿದೆ. ಅದು ದಿನದಿನವೂ ಉಜ್ಜಿ, ಸಡಿಲಗೊಂಡು, ಹಾಕಿಕೊಂಡವರ ಅರಿವಿಗೆ ಬಾರದಂತೆ ಕಳಚಿ ಬಿದ್ದದ್ದು. ಇನ್ನೊಂದರ ದಾರ ನೆಟ್ಟಗೆ ತುಂಡಾಗಿದೆ, ಅಂದರೆ ಅಲ್ಲಿ ಕತ್ತರಿಯೋ ಬ್ಲೇಡೋ ಆಡಿದೆ, ಯಾರೋ ಬೇಕೆಂದೇ ಬಿಚ್ಚಿದ್ದಾರೆ. ಮೂರನೆಯದು ದಾರದ ಜೊತೆಗೆ ಬಟ್ಟೆಯ ಚೂರೊಂದನ್ನೂ ಕಿತ್ತುಕೊಂಡು ಬಂದಿದೆ. ಅದು ಜಗಳವೋ, ಬಾಗಿಲಿಗೆ ಸಿಕ್ಕಿಕೊಂಡ ಅಂಗಿಯೋ ಎಂದು ಜನ ಕೇಳುತ್ತಾರೆ. ನನಗೆ ಗೊತ್ತಿಲ್ಲ, ಗುಂಡಿಯೂ ಹೇಳುವುದಿಲ್ಲ. ಜೋರಾಗಿ ಎಳೆತ ಬಿದ್ದಿದೆ ಎಂಬಷ್ಟಕ್ಕೆ ಅದರ ಸಾಕ್ಷ್ಯ ಮುಗಿಯುತ್ತದೆ, ನಾನೂ ಅಲ್ಲಿಗೇ ನಿಲ್ಲುತ್ತೇನೆ.

ಹೀಗೆ ಇರುವಷ್ಟರಿಂದ ಇಲ್ಲದ್ದನ್ನು ಅಳೆಯುವ ಕೆಲಸವನ್ನು ನ್ಯಾಯಾಲಯವೊಂದು ಮಾಡಿದ ಹಳೆಯ ಪ್ರಕರಣ ನನಗೆ ಬಹಳ ಇಷ್ಟ. 1722ರಲ್ಲಿ ಇಂಗ್ಲೆಂಡಿನಲ್ಲಿ, ಹೊಗೆಗೂಡು ಗುಡಿಸುವ ಒಬ್ಬ ಹುಡುಗನಿಗೆ ರತ್ನ ಕೂರಿಸಿದ ಒಡವೆಯೊಂದು ಸಿಕ್ಕಿತ್ತು. ಬೆಲೆ ತಿಳಿಯಲು ಅವನು ಅದನ್ನು ಅಕ್ಕಸಾಲಿಗನ ಅಂಗಡಿಗೆ ಒಯ್ದ. ಅಲ್ಲಿನ ಕೆಲಸದವನು ತೂಗುವ ನೆಪದಲ್ಲಿ ಕಲ್ಲುಗಳನ್ನು ಬಿಚ್ಚಿಕೊಂಡ. ಪುಡಿಗಾಸು ಕೊಡುತ್ತೇವೆಂದಾಗ ಹುಡುಗ ಒಪ್ಪದೆ ಒಡವೆಯನ್ನು ಮರಳಿ ಕೇಳಿದ, ಅವರು ಕಲ್ಲಿಲ್ಲದ ಬರೀ ಕಟ್ಟನ್ನು ಅವನ ಕೈಗಿಟ್ಟರು. ಸಿಕ್ಕಿದವನು ಒಡೆಯನಾಗುವುದಿಲ್ಲವಾದರೂ ನಿಜವಾದ ವಾರಸುದಾರನೊಬ್ಬನನ್ನು ಬಿಟ್ಟು ಬೇರೆ ಯಾರ ಮುಂದೆಯೂ ಅದನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿದೆ ಎಂದು ನ್ಯಾಯಾಲಯ ಹೇಳಿತು. ಕಾನೂನು ಓದುವವರು ಈ ಮಾತಿಗಾಗಿ ಪ್ರಕರಣವನ್ನು ನೆನೆಯುತ್ತಾರೆ. ನನ್ನನ್ನು ಹಿಡಿದಿಟ್ಟದ್ದು ಅದರ ಮುಂದಿನ ಭಾಗ: ಕಲ್ಲನ್ನು ತಂದು ತೋರಿಸದಿದ್ದರೆ, ಆ ಖಾಲಿ ಗೂಡಿನಲ್ಲಿ ಕೂರಬಹುದಾದ ಅತ್ಯುತ್ತಮ ಕಲ್ಲಿನ ಬೆಲೆಯನ್ನೇ ಪರಿಹಾರಕ್ಕೆ ಅಳತೆಯಾಗಿ ಹಿಡಿಯಬೇಕೆಂದು ನ್ಯಾಯಾಧೀಶರು ಸೂಚಿಸಿದರು.

ಎಸೆದದ್ದರ ಪಕ್ಷದಲ್ಲಿ ನಿಂತವರೂ ಇದ್ದಾರೆ. ಜರ್ಮನಿಯ ಹ್ಯಾನೋವರ್ ನಗರದ ಕಲಾವಿದ ಕರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಮರುವರ್ಷದಿಂದ, ಅಂದರೆ 1919ರಿಂದ, ಟ್ರಾಮ್ ಟಿಕೆಟ್ಟು, ಹೊದಿಕೆ ಕಾಗದ, ಮರದ ತುಂಡುಗಳನ್ನೆಲ್ಲ ಅಂಟಿಸಿ ಚಿತ್ರ ಮಾಡತೊಡಗಿದ. ತನ್ನ ಕಲೆಗೆ ಅವನಿಟ್ಟ ‘ಮೆರ್ಟ್ಸ್’ ಎಂಬ ಹೆಸರು ಕೂಡ, ‘ಕೊಮೆರ್ಟ್ಸ್’ ಎಂದು ಅಚ್ಚಾಗಿದ್ದ ಜಾಹೀರಾತಿನಿಂದ ಕತ್ತರಿಸಿ ಉಳಿದ ತುಣುಕು. ನಾನು ಕಲಾವಿದನಲ್ಲ, ಅಂಟಿಸುವುದಿಲ್ಲ. ಅಂಟಿಸಿದರೆ ಚೀಟಿಯ ಹಿಂಬದಿ ಮುಚ್ಚಿಹೋಗುತ್ತದೆ, ನನಗೆ ಅದೂ ಬೇಕು.

ಚೀಟಿಗಳ ವಿಷಯದಲ್ಲಿ ನನ್ನದೂ ಒಂದು ತಪ್ಪಾಗಿದೆ. ಯಂತ್ರದಿಂದ ಬರುವ ನುಣುಪಾದ ರಸೀದಿಗಳನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿಟ್ಟಿದ್ದೆ. ಅವುಗಳ ಮೇಲೆ ಶಾಯಿಯೇ ಇರುವುದಿಲ್ಲ. ಶಾಖ ತಾಗಿದರೆ ಕಪ್ಪಾಗುವ ಲೇಪವೊಂದು ಕಾಗದದ ಮೇಲಿರುತ್ತದೆ, ಯಂತ್ರ ಅಕ್ಷರದ ಆಕಾರದಲ್ಲಿ ಅದನ್ನು ಬಿಸಿಮಾಡುತ್ತದೆ, ಅಷ್ಟೆ. ಬೆಳಕಿಗೆ ಅಕ್ಷರಗಳು ಮಾಸಿದವು, ಬಿಸಿಗೆ ಕಾಗದವೇ ಅಲ್ಲಲ್ಲಿ ಬೂದುಬಣ್ಣಕ್ಕೆ ತಿರುಗಿತು, ಕೊನೆಗೆ ಒಂದು ಕಟ್ಟು ರಸೀದಿಯಲ್ಲಿ ಓದಲಿಕ್ಕೆ ಏನೂ ಉಳಿಯಲಿಲ್ಲ. ಮೇಜಿನ ಖಾನೆಯಲ್ಲಾದರೋ, ಮಳೆಯಲ್ಲಿ ನೆನೆದು ಗಾಡಿಯ ಚಕ್ರದ ಗುರುತನ್ನೂ ಹೊತ್ತ ಸೀಸದಕಡ್ಡಿಯ ಬರಹವೊಂದು ಇಂದಿಗೂ ಸ್ಪಷ್ಟವಾಗಿದೆ.

ಎಲ್ಲವನ್ನೂ ಹೆಕ್ಕುತ್ತೇನೆಂದು ತಿಳಿಯಬೇಡಿ. ಬಾಟಲಿ, ತಗಡು, ರಟ್ಟು ಮುಟ್ಟುವುದಿಲ್ಲ, ಅವು ಹೊಟ್ಟೆಪಾಡಿಗೆ ಆಯುವವರಿಗೆ ಸೇರಬೇಕಾದವು. ಅವರ ದುಡಿಮೆಯ ಪಕ್ಕದಲ್ಲಿ ನನ್ನದು ಬರೀ ಗೀಳು. ಹಣದ ಚೀಲ, ಗುರುತಿನ ಚೀಟಿ ಸಿಕ್ಕರೆ ವಾರಸುದಾರರಿಗೆ ತಲುಪಿಸುವ ದಾರಿ ಹುಡುಕುತ್ತೇನೆ, ಅದು ಸಂಗ್ರಹದ ಮಾತೇ ಅಲ್ಲ.

ಬೀಗದ ಕೈಯನ್ನಂತೂ ಮನೆಗೆ ತರುವುದೇ ಇಲ್ಲ. ಅದನ್ನು ಬೇಕೆಂದು ಎಸೆಯುವವರು ಕಡಿಮೆ, ಕಳೆದುಕೊಂಡವರು ಬಂದ ದಾರಿಯಲ್ಲೇ ತಿರುಗಿ ಹುಡುಕುತ್ತಾರೆ. ಹಾಗಾಗಿ ಸಿಕ್ಕಿದಲ್ಲಿಯೇ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿಟ್ಟು ಬರುತ್ತೇನೆ. ಹಿಂದೊಮ್ಮೆ, ಹಿಡಿಯ ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿದ್ದ ಹಿತ್ತಾಳೆಯ ಕೈಯೊಂದನ್ನು ಮೋಟುಗೋಡೆಯ ಮೇಲಿಟ್ಟಿದ್ದೆ. ಅದು ಮಳೆಗಾಲವಿಡೀ ಅಲ್ಲೇ ಇತ್ತು. ದಿನವೂ ಹಾದುಹೋಗುವಾಗ, ಇನ್ನು ಯಾರೂ ಬರಲಿಕ್ಕಿಲ್ಲ, ತೆಗೆದುಕೊಂಡುಬಿಡಲೇ ಎಂದು ಅಂದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅದು ಇರಲಿಲ್ಲ. ವಾರಸುದಾರರೇ ಒಯ್ದರೋ, ನನ್ನಂಥವರೇ ಯಾರಾದರೂ ನನಗಿಂತ ಮೊದಲು ಹೆಕ್ಕಿಕೊಂಡರೋ ತಿಳಿಯದು. ಗೋಡೆಯ ಮೇಲೆ ಅದರ ಆಕಾರದ ಮಸುಕು ಗುರುತೊಂದು ಕೆಲವು ದಿನ ಉಳಿದಿತ್ತು.