‘ಪ’ ಇಲ್ಲದ ಪುಟ

ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನನಗೆ ಅವರ ಪಾಠ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ಪಾಠ ಒಂದೂ ನೆನಪಿಲ್ಲ. ನೆನಪಾದದ್ದು ರಜಾ ಅರ್ಜಿಗಳು.

8ನೇ ಕ್ಲಾಸಿನಲ್ಲಿ ನಾನು ಬಾಯಿ ಬಿಡದ ಹುಡುಗ. ಉಗ್ಗು ಇತ್ತು. ‘ಪ’ದಿಂದ ಶುರುವಾಗುವ ಮಾತು ಬಂತೆಂದರೆ ತುಟಿ ಅಂಟಿಕೊಳ್ಳುತ್ತಿತ್ತು. ಹಾಜರಿ ಕರೆದಾಗ ‘ಪ್ರೆಸೆಂಟ್ ಸಾರ್’ ಅನ್ನೋದೂ ಕಷ್ಟ, ಸುಮ್ನೆ ಕೈ ಎತ್ತುತ್ತಿದ್ದೆ. ಆದರೆ ಬರೆಯೋಕೆ ಬರುತ್ತಿತ್ತು. ಇದು ಹಿಂದಿನ ಬೆಂಚಿನವರಿಗೆ ಗೊತ್ತಾಗಿ, ಅವರ ಅಪ್ಪಂದಿರ ಹೆಸರಲ್ಲಿ ರಜಾ ಅರ್ಜಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬರೀ ‘ಜ್ವರ’ ಅಂತ ಬರೆದರೆ ನನಗೆ ಸಮಾಧಾನವಿಲ್ಲ. ‘ಮಗ ರಾತ್ರಿಯಿಡೀ ಗೋಡೆ ಕಡೆ ತಿರುಗಿ ಗೊಣಗುತ್ತಿದ್ದ, ಹಣೆಗೆ ಹಾಕಿದ ಒದ್ದೆ ಬಟ್ಟೆ ಎರಡೇ ನಿಮಿಷಕ್ಕೆ ಬೆಚ್ಚಗಾಗುತ್ತಿತ್ತು’ ಅಂತೆಲ್ಲ ಸೇರಿಸುತ್ತಿದ್ದೆ. ಸಿಕ್ಕಿಬಿದ್ದದ್ದೂ ಅದರಿಂದಲೇ. ಯಾವ ಅಪ್ಪ ಹಾಗೆ ಬರೀತಾರೆ, ಹೇಳಿ?

ಮೇಷ್ಟ್ರು ನಾಲ್ಕು ಅರ್ಜಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆಸಿದರು. ನಾನು ಬೆತ್ತದ ಕಡೆ ನೋಡಿದೆ. ಅವರು ಕೆಂಪು ಪೆನ್ನು ತೆಗೆದರು. ‘ಒದ್ದೆ ಬಟ್ಟೆ’ಯ ಕೆಳಗೆ ಗೆರೆ ಎಳೆದು, “ಇದನ್ನ ಎಲ್ಲಿ ನೋಡಿದ್ದೆ?” ಅಂದರು. ತಂಗಿಗೆ ಜ್ವರ ಬಂದಾಗ ಅಂದೆ.

“ಹಾಗಾದ್ರೆ ಇದೊಂದು ಸುಳ್ಳಲ್ಲ. ನಾಳೆಯಿಂದ ದಿನಕ್ಕೊಂದು ಪುಟ, ನೋಡಿದ್ದು ಮಾತ್ರ ಬರಿ. ‘ಸುಂದರ’, ‘ಅದ್ಭುತ’ ಅಂತ ಕಂಡರೆ ಹರಿದು ಹಾಕ್ತೀನಿ.”

ಇದೇ ಶಿಕ್ಷೆ. (ಅರ್ಜಿ ಬರೆಸಿಕೊಂಡವರಿಗೆ ಮಾತ್ರ ಬೆತ್ತವೇ ಸಿಕ್ಕಿತು. ಆ ಸಿಟ್ಟು ಅವರಿಗೆ ಇವತ್ತಿಗೂ ಇದೆ.)

ಎರಡು ಪುಟ ನಿಜಕ್ಕೂ ಹರಿದರು. ಮೂರನೆಯದು ಅಪ್ಪನ ಚಪ್ಪಲಿಯ ಬಗ್ಗೆ. ಎಡಗಾಲಿನದು ಮಾತ್ರ ಹಿಮ್ಮಡಿ ಹತ್ತಿರ ಸವೆದಿತ್ತು. ಅಪ್ಪ ಬಾಗಿಲಲ್ಲಿ ನಿಂತು ಮಾತಾಡುವಾಗ ಆ ಕಾಲಿನ ಮೇಲೇ ಭಾರ ಹಾಕುತ್ತಿದ್ದರು. ಅಷ್ಟನ್ನೇ ಬರೆದಿದ್ದೆ. ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಓದು ಅಂದರು. ಎದ್ದು ನಿಂತು ಓದಿದೆ. ಒಂದು ಕಡೆಯೂ ತಡೆಯಲಿಲ್ಲ!

ಸಂಜೆ ಮೆಲ್ಲಗೆ ಕೇಳಿದರು: “ಇಡೀ ಪುಟದಲ್ಲಿ ‘ಪ’ದಿಂದ ಶುರುವಾಗೋ ಪದ ಒಂದೂ ಇಲ್ವಲ್ಲೋ?”

ನನ್ನ ಕಳ್ಳತನ ಗೊತ್ತಾಗಿಬಿಟ್ಟಿತ್ತು. ಪಠ್ಯಪುಸ್ತಕದಲ್ಲಿ ಇನ್ಯಾರೋ ಆರಿಸಿದ ಪದಗಳು, ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ. ನನ್ನದೇ ಬರಹದಲ್ಲಿ ‘ಪಾದ’ ಬೇಡವಾದರೆ ‘ಕಾಲು’ ಇತ್ತು. ಮಾತಿನ ಮೇಲೆ ನನಗೂ ಒಂದಿಷ್ಟು ಅಧಿಕಾರ ಇದೆ ಅಂತ ಅನಿಸಿದ್ದೇ ಆಗ. “ಮುಂದಿನ ಸಲ ಒಂದೇ ಒಂದು ಹಾಕು. ಎಷ್ಟು ಹೊತ್ತಾದರೂ ಕಾಯ್ತೀವಿ” ಅಂದರು. ಹಾಕಿದೆ. ಕಾದರು.

ಈಗಿನ ಮಕ್ಕಳ ನೋಟ್ಸ್ ನೋಡಿದ್ದೇನೆ. ಪ್ರಬಂಧವನ್ನೂ ಬೋರ್ಡಿನ ಮೇಲೆ ಬರೆದುಕೊಟ್ಟು ಉರು ಹೊಡೆಸುತ್ತಾರೆ. ಕ್ಲಾಸಿನ ಎಲ್ಲರಿಗೂ ಒಂದೇ ಮಳೆಗಾಲ. ಮಾರ್ಕ್ಸ್ ಜಾಸ್ತಿ ಬರುತ್ತೆ, ಒಪ್ಪುತ್ತೇನೆ.

ನಾನು ಆಮೇಲೆ ಕಥೆ ಬರೆದೆ. ಎರಡು ಪುಸ್ತಕ ಬಂದವು, ಒಂದಕ್ಕೆ ಬಹುಮಾನವೂ ಬಂತು. ಇದನ್ನು ಇಲ್ಲಿ ಹೇಳಬೇಕಿರಲಿಲ್ಲ, ಹೇಳಿಬಿಟ್ಟೆ.

ಶ್ರದ್ಧಾಂಜಲಿ ಸಭೆಗೆ ಮಾತು ಬರೆದುಕೊಂಡು ಹೋಗಿದ್ದೆ. ಬೇಕೆಂದೇ ‘ಪ್ರೀತಿಯ ಮೇಷ್ಟ್ರೇ’ ಅಂತ ಶುರು ಮಾಡಿದ್ದೆ. ಮೈಕ್ ಮುಂದೆ ತುಟಿ ಅಂಟಿಕೊಂಡಿತು. ಬಿಡಲೇ ಇಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಅದೇ ಬೆತ್ತದೇಟಿನ ಗೆಳೆಯ ಕೂಗಿದ: “ನಿಧಾನ ಕಣೋ, ನಾವೇನೂ ರಜಾ ಅರ್ಜಿ ಕೊಟ್ಟು ಹೋಗಲ್ಲ.”