ಹತ್ತಿ ಜಿನ್ನಿನ ಬಯಲಿನಲ್ಲಿ ದೊಡ್ಡಪ್ಪನ ಜೊತೆ

ಬೆಂಗಳೂರಿನ ರಾತ್ರಿ ರೈಲು ರಾಯಚೂರಲ್ಲಿ ಇಳಿಸಿದಾಗ ಇನ್ನೂ ಕತ್ತಲಿತ್ತು. ಚಹಾ ಕುಡಿದು, ಬೆಳಕು ಹರಿಯುವ ತನಕ ನಿಲ್ದಾಣದಲ್ಲೇ ಕೂತೆ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ್ದು ಈ ಊರಲ್ಲಿ. ಎರೆಹೊಲದ ಹತ್ತಿಗೆ ಎರಡೂ ದಿಕ್ಕಿನ ಬಂದರಿಗೆ ದಾರಿಯಾಯಿತು.

ನಾನು ನೋಡಬೇಕೆಂದಿದ್ದ, ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಜಿನ್ನಿಂಗ್ ಫ್ಯಾಕ್ಟರಿ ಅಲ್ಲಿಂದ ಹತ್ತೇ ನಿಮಿಷದ ನಡಿಗೆ. ದೊಡ್ಡಪ್ಪ ಗೇಟಿನ ಹತ್ತಿರ ಕಾಯುತ್ತಿದ್ದರು. ಮೂವತ್ತು ವರ್ಷ ಇಲ್ಲಿನ ತೂಕದ ಕಾಟಾದ ಮುಂದೆ ಕೂತು ಚೀಟಿ ಬರೆದವರು ಅವರು. ಮುಚ್ಚಿದ ಮೇಲೆ ಒಳಗೆ ಬಂದದ್ದು ಇದೇ ಮೊದಲಂತೆ. ಅಂಗಳದ ತುಂಬ ಬಳ್ಳಾರಿ ಜಾಲಿ. ತಗಡು ಹಾರಿಹೋದ ಚಾವಣಿಯಿಂದ ಬಿಸಿಲು ಇಳಿದಿತ್ತು.

"ಇದು ಪ್ರೆಸ್ ರೂಮು ನೋಡಪ. ಅರಳಿ ಹಾಕಿ ಒತ್ತಿದ್ರ 170 ಕಿಲೋದ ಬೇಲು ಹೊರಗ ಬರ್ತಿತ್ತು. ಹೆಣ್ಮಕ್ಕಳು ಅಲ್ಲಿ ಕುಂತು ಕಸ ಆರಸ್ತಿದ್ರು." ಗೋಡೆ ಮುಟ್ಟಿದರು. ಕಲ್ಲಿನ ಗೋಡೆ ಇನ್ನೂ ಗಟ್ಟಿಯಾಗಿದೆ.

ಗೇಟಿನ ಬೋರ್ಡಿನಲ್ಲಿ ಮುಂದೆ ಬರಲಿರುವ ಪೇಟೆಯ ಚಿತ್ರವಿದೆ: ಎತ್ತರದ ಮನೆಗಳು, ಮಾಲ್, ಎದುರಿಗೆ ಕಾರುಗಳ ವಿಶಾಲ ಬಯಲು. ಊರು ಹೊರಗಿನ ಹೊಲ ತಿನ್ನುತ್ತ ಹರಡುವುದಕ್ಕಿಂತ ನಡುವಿನ ಹಾಳು ನೆಲದಲ್ಲೇ ಒತ್ತಾಗಿ ಬೆಳೆಯಲಿ ಎಂದು ಬಯಸುವವನು ನಾನು. ಆದರೂ ಆ ಚಿತ್ರ ನನ್ನನ್ನು ಕಂಗೆಡಿಸಿತು. ಹಳೆಯ ಗೋಡೆಗಳು ಅದರಲ್ಲಿಲ್ಲ, ನೆರಳಿಲ್ಲ, ಚಿಕ್ಕ ಅಂಗಡಿಯಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಅಲ್ಲಿ ಎತ್ತರ ಕಟ್ಟಲು ಅಡಿಪಾಯಕ್ಕೇ ಹಣ ಸುರಿಯಬೇಕು. ಆ ಖರ್ಚು ಕೊನೆಗೆ ಬಂದು ಕೂರುವುದು ಮನೆಯ ಬೆಲೆಯ ಮೇಲೆ.

ಮುಂಬಯಿಯ ಗಿರಣಗಾಂವ್ ನೆನಪಾಯಿತು. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಅಲ್ಲಿನ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮ ಗಿರಣಿ ನೆಲವನ್ನು ಮೂರು ಪಾಲು ಮಾಡಿತ್ತು: ಒಂದು ಪಾಲಿಕೆಗೆ, ಸಾರ್ವಜನಿಕ ಬಯಲಿಗಾಗಿ, ಒಂದು ಕಡಿಮೆ ಬೆಲೆಯ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಬಂತು. ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಹಂಚಿದರೆ ಸಾಕೆಂದಾಯಿತು. ಗಿರಣಿಯೊಳಗೆ ಖಾಲಿ ನೆಲ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಗಿರಣಿ ನೆಲದ ಮೇಲೆ ಎದ್ದ ಲೋವರ್ ಪರೇಲ್‌ನ ಗಾಜಿನ ಗೋಪುರಗಳ ಕೆಳಗೆ ನಡೆದಾಗಲೆಲ್ಲ ಆ ಕಳೆದುಹೋದ ಎರಡು ಪಾಲು ನನ್ನನ್ನು ಕಾಡುತ್ತದೆ.

ಮಧ್ಯಾಹ್ನಕ್ಕೆ ಮೊದಲು ತೀನ್ ಕಂದೀಲ್ ಕಡೆ ನಡೆದೆವು. ಕೆಳಗೆ ಅಂಗಡಿ, ಮೇಲೆ ಮನೆ. ಗೋಡೆಗೆ ಗೋಡೆ ತಾಗಿದ ಓಣಿ, ಒಂದರ ನೆರಳು ಇನ್ನೊಂದಕ್ಕೆ. ಹಾಲು, ಔಷಧಿ, ದರ್ಜಿ, ಮಸೀದಿ, ಎಲ್ಲಕ್ಕೂ ಕಾಲ್ನಡಿಗೆಯೇ ಸಾಕು. ಒತ್ತಾದ ಪೇಟೆ ಎಂದರೆ ಏನೆಂದು ರಾಯಚೂರಿಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಚರಂಡಿ, ಬೆಳಕು ಸರಿಮಾಡಿ ಇದನ್ನೇ ಆ ಬಯಲಿನಲ್ಲಿ ಕಟ್ಟಬಹುದಲ್ಲ! ಪ್ರೆಸ್ ರೂಮಿನ ಗೋಡೆಯೊಳಗೇ ಒಂದು ತರಕಾರಿ ಸಂತೆ ಕೂತೀತು.

ವಾಪಸು ಬಂದಾಗ ಗೇಟಿನ ಎದುರು ಮಿರ್ಚಿ ಭಜಿ ಕರಿಯುತ್ತಿದ್ದ ಅಜ್ಜಿ ದೊಡ್ಡಪ್ಪನ ಗುರುತು ಹಿಡಿದಳು. ಒಂದು ಕಾಲಕ್ಕೆ ಇಲ್ಲೇ ಹತ್ತಿ ಆರಿಸಿದವಳು.

"ಹೊಸಾ ಪ್ಯಾಟಿ ಆಗ್ತದಂತಲ್ರೀ ಕಾರಕೂನರೇ, ನಮಗೂ ಒಂದು ಅಂಗಡಿ ಸಿಗ್ತದೇನ್ರೀ?"

"ಸಿಗಬೇಕವ್ವಾ," ಅಂದರು ದೊಡ್ಡಪ್ಪ.

"ಬಾಡಿಗಿ ಎಷ್ಟಂತ್ರೀ?"

ದೊಡ್ಡಪ್ಪ ಬೋರ್ಡಿನ ಕಡೆ ತಿರುಗಿ, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಓದತೊಡಗಿದರು.