ರಾತ್ರಿ ಎರಡು ಗಂಟೆಗೆ ಔಷಧ ಎಲ್ಲಿರುತ್ತದೆ?

ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ದುಡಿಯುವ ಸಿಸ್ಟರ್‌ಗಳಿಗೂ ವೈದ್ಯರಿಗೂ ಹೊಸ ಸಂಶೋಧನೆಗಳನ್ನು ತಲುಪಿಸುವುದು ನನ್ನ ಕೆಲಸ. ಹೊರಗಿನವರಿಗೆ ಇದು ಪಾಠ ಹೇಳುವ ಕೆಲಸದಂತೆ ಕಾಣುತ್ತದೆ. ಆದರೆ ನನ್ನ ಹೊತ್ತೆಲ್ಲ ಹೋಗುವುದು ಬೀರುವಿನ ಬೀಗದ ಕೈ ಯಾರ ಬಳಿ ಇದೆ, ಔಷಧ ಬೇಕೆಂದು ಬರೆದು ಕಳಿಸುವ ಇಂಡೆಂಟ್‌ಗೆ ಸಹಿ ಹಾಕುವವರು ಯಾರು ಎಂದು ವಿಚಾರಿಸುವುದರಲ್ಲಿ.

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಚುಚ್ಚುಮದ್ದಿದೆ. 21 ದೇಶಗಳ ಸುಮಾರು 20,000 ತಾಯಂದಿರು ಭಾಗವಹಿಸಿದ್ದ ‘ವುಮನ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಈ ಔಷಧ ಸಿಕ್ಕವರಲ್ಲಿ ರಕ್ತ ಹೋಗಿ ಸಾಯುವವರ ಸಂಖ್ಯೆ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ತಡವಾದಷ್ಟೂ ಪ್ರಯೋಜನ ಕಡಿಮೆ. ಪ್ರತಿ 15 ನಿಮಿಷಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಕರಗುತ್ತದೆ. ಇದನ್ನು ಸಿಸ್ಟರ್‌ಗಳಿಗೆ ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ಒಂದು ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಎಂದು ಥಟ್ಟನೆ ಹೇಳುತ್ತಾರೆ. ಹಾಗಾಗಿ ನಾನು ಬೇರೆಯದನ್ನು ಕೇಳುತ್ತೇನೆ: ರಾತ್ರಿ ಎರಡು ಗಂಟೆಗೆ ಬೇಕಾದರೆ ಎಲ್ಲಿಂದ ತರುತ್ತೀರಿ?

ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಔಷಧ ಸ್ಟೋರಿನಲ್ಲಿದೆ, ಸ್ಟೋರಿಗೆ ಬೀಗವಿದೆ, ಫಾರ್ಮಸಿಸ್ಟ್ ಮನೆಯಲ್ಲಿದ್ದಾರೆ. ಇಂಥ ಕಡೆ ಇನ್ನೊಂದು ಉಪನ್ಯಾಸ ಕೊಟ್ಟು ಏನು ಪ್ರಯೋಜನ? ಹೆರಿಗೆ ಕೋಣೆಯಲ್ಲೇ ಒಂದು ತುರ್ತು ಪೆಟ್ಟಿಗೆ ಇಟ್ಟು, ಪಾಳಿ ಬದಲಾದಾಗ ಒಳಗಿನದನ್ನು ಎಣಿಸಿ ಒಪ್ಪಿಸುವ ಪದ್ಧತಿ ತಂದೆವು. ಅದಕ್ಕಾಗಿ ರಿಜಿಸ್ಟರಿನಲ್ಲಿ ಇನ್ನೊಂದು ಕಲಂ. ಕಲಂ ಹೆಚ್ಚಿಸಿದವರನ್ನು ಯಾವ ಸಿಸ್ಟರೂ ಹರಸುವುದಿಲ್ಲ, ನನ್ನನ್ನೂ ಹರಸಲಿಲ್ಲ. ಆದರೂ ಆ ಕಲಂ ಮಾತ್ರ ತಪ್ಪದೆ ತುಂಬುತ್ತಿದೆ.

ರಕ್ತ ಎಷ್ಟು ಹೋಯಿತು ಎಂಬ ಅಂದಾಜು ಇನ್ನೂ ಕಷ್ಟದ ವಿಷಯ. ಕೆಂಪು ಬಣ್ಣದ ನೀರನ್ನು ಅಳೆದು ಬಟ್ಟೆಯ ಮೇಲೂ ಕಿಡ್ನಿ ಟ್ರೇಯಲ್ಲೂ ಸುರಿದು, ಎಷ್ಟಿರಬಹುದು ಎಂದು ಕೇಳುತ್ತೇನೆ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವರೂ ಕಡಿಮೆಯನ್ನೇ ಹೇಳುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಡ್ರೇಪ್ (ಹೋಗುವ ರಕ್ತವನ್ನು ಹಿಡಿಯಲು ತಾಯಿಯ ಕೆಳಗೆ ಹಾಸುವ ಹಾಳೆ) ಬಳಸಿ ಇದನ್ನೇ ಪರೀಕ್ಷಿಸಿತ್ತು. 2006ರಲ್ಲಿ ಬಂದ ಅದರ ವರದಿಯ ಪ್ರಕಾರ, ಕಣ್ಣಂದಾಜು ಡ್ರೇಪಿನ ಅಳತೆಗಿಂತ ಸುಮಾರು ಶೇ 33ರಷ್ಟು ಕಡಿಮೆ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಹೆರಿಗೆಯಲ್ಲಿ, ರಕ್ತಸ್ರಾವ ತಡೆಯುವ ಮಿಸೊಪ್ರಾಸ್ಟಾಲ್ ಮಾತ್ರೆಯ ಅಧ್ಯಯನ ನಡೆದಿತ್ತು; ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಕಿರಿಯ ಆರೋಗ್ಯ ಸಹಾಯಕಿಯರೇ. ಹೆಚ್ಚು ರಕ್ತಸ್ರಾವವಾದ ತಾಯಂದಿರ ಪ್ರಮಾಣ ಶೇ 12ರಿಂದ 6.4ಕ್ಕೆ ಇಳಿದಿತ್ತು. ಇದನ್ನು ಹೇಳಿದಾಗ ಹಿಂದಿನ ಸಾಲಿನವರೂ ನೆಟ್ಟಗೆ ಕೂರುತ್ತಾರೆ. ಸಂಶೋಧನೆ ಎಂದರೆ ಲಂಡನ್ನಿನಿಂದ ಬರುವುದು ಎಂದುಕೊಂಡಿದ್ದವರಿಗೆ, ತಮ್ಮಂಥವರೇ ಮಾಡಿದ್ದು ಎಂದು ತಿಳಿದರೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ.

ನಾನು ಕಾಯುವುದೂ ಆ ಪ್ರಶ್ನೆಗಳಿಗಾಗಿಯೇ. ಒಬ್ಬ ಹಿರಿಯ ಸಿಸ್ಟರ್ ಕೇಳಿದರು: “ಐನೂರು ಮಿಲಿಲೀಟರ್ ರಕ್ತ ಹೋದರೆ ಚಿಕಿತ್ಸೆ ಶುರು ಮಾಡಿ ಎನ್ನುತ್ತೀರಿ. ನಮ್ಮಲ್ಲಿ ಬರುವವರಿಗೆ ಮೈಯಲ್ಲಿ ರಕ್ತವೇ ಇಲ್ಲ. ಅಲ್ಲಿಯವರೆಗೆ ಕಾಯುವುದೇ?” ಕಾಯಬಾರದು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಅಧ್ಯಯನದಲ್ಲಿ, ನಾಡಿ ಅಥವಾ ರಕ್ತದೊತ್ತಡದಂಥ ಯಾವುದಾದರೂ ಏರುಪೇರಾಗಿದ್ದರೆ 300 ಮಿಲಿಲೀಟರಿಗೇ ಚಿಕಿತ್ಸೆ ಆರಂಭಿಸುತ್ತಿದ್ದರು. ಬೆಳಗಾವಿಯಲ್ಲಿ ಬಳಸಿದಂಥ ಡ್ರೇಪೇ ಅಲ್ಲಿಯೂ ಅಳತೆಗೋಲು.

ಅವರು ಬಿಡಲಿಲ್ಲ. “ಹಾಗಾದರೆ ರಕ್ತಹೀನತೆ ಇರುವವರಿಗೆಲ್ಲ ಹೆರಿಗೆಯಾದ ಕೂಡಲೇ ಟ್ರಾನೆಕ್ಸಾಮಿಕ್ ಕೊಟ್ಟುಬಿಡೋಣವೇ?” ಒಳ್ಳೆಯ ತರ್ಕ. ಅದನ್ನೂ ‘ವುಮನ್-2’ ಅಧ್ಯಯನ ಸುಮಾರು 15,000 ತಾಯಂದಿರಲ್ಲಿ ಪರೀಕ್ಷಿಸಿದೆ. ಮುಂಚಿತವಾಗಿ ಕೊಟ್ಟಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಅವರು ಸ್ವಲ್ಪ ಯೋಚಿಸಿ, ‘ರಕ್ತ ಹೋಗುತ್ತಿದ್ದರೆ ಮಾತ್ರ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದರು. ಆ ಚೀಟಿಯನ್ನು ಈಗ ನಾನು ಬೇರೆ ಆಸ್ಪತ್ರೆಗಳಿಗೂ ಒಯ್ಯುತ್ತೇನೆ.